ಅರ್ಧ ಡಾಕ್ಟರಮ್ಮನ ಸೊಸೆ

ಹೆರಿಗೆ ಆಸ್ಪತ್ರೆಯಲ್ಲಿ ಅರ್ಧ ಆಯಸ್ಸು ಸವೆಸಿ ನಿವೃತ್ತಳಾದ ಆಯಮ್ಮನಿಗೆ ಅರ್ಧ ಡಾಕ್ಟರಮ್ಮ ಎಂದು ಹೆಸರಿಟ್ಟವಳು ಎದುರುಮನೆಯ ಟೈಲರಮ್ಮ. ಇಟ್ಟಿದ್ದೇನೋ ಗೇಲಿಗೆ. ಆದರೆ ಮಗುವಿಗೆ ಭೇದಿ ಹತ್ತಿದಾಗ, ಮಗಳ ಮುಟ್ಟು ತಡವಾದಾಗ, ತನಗೇ ಬೆನ್ನು ಹಿಡಿದುಕೊಂಡಾಗ ಮೊದಲು ಓಡಿ ಬಂದು ಆಯಮ್ಮನ ಹಿಂಬಾಗಿಲು ತಟ್ಟುತ್ತಿದ್ದವಳೂ ಅವಳೇ. ಹೀಗಾಗಿ ಗೇಲಿ ಸವೆದು ಹೆಸರೊಂದು ಉಳಿಯಿತು. ಆ ಬೀದಿಯ ಹೆಂಗಸರಿಗೆ ಆಸ್ಪತ್ರೆಯೆಂದರೆ ಸಾಲು, ಕಾಯುವಿಕೆ, ಗದರಿಕೆ. ಆಯಮ್ಮನ ಹಿಂಬಾಗಿಲೆಂದರೆ ಒಂದು ಲೋಟ ಟೀ, ಕುಳಿತುಕೊಳ್ಳಲು ಮರದ ಸ್ಟೂಲು, ನಾಚಿಕೆ ಬಿಟ್ಟು ಹೇಳಿಕೊಳ್ಳಲು ಒಂದು ಕಿವಿ.

ಆಕೆ ಯಾರಿಗೂ ಸೂಜಿ ಚುಚ್ಚುತ್ತಿರಲಿಲ್ಲ, ಮದ್ದು ಅರೆಯುತ್ತಿರಲಿಲ್ಲ. ಇದು ಇಂಥದ್ದು, ಇದಕ್ಕೆ ಹೆದರಬೇಡ, ಇದಕ್ಕೆ ಮಾತ್ರ ನಾಳೆ ಬೆಳಗ್ಗೆಯೇ ಹೋಗು ಎಂದು ಹೇಳುತ್ತಿದ್ದಳು, ಅಷ್ಟೇ. ಹೇಳಿದ್ದು ಹೆಚ್ಚಾಗಿ ನಿಜವೂ ಆಗುತ್ತಿತ್ತು. ಹತ್ತು ಸಲ ನಿಜವಾದ ಮಾತು ಹನ್ನೊಂದನೆಯ ಸಲವೂ ನಿಜವಾಗಲೇಬೇಕು ಎಂದು ಜನ ನಂಬಿಬಿಡುತ್ತಾರೆ. ಆಡಿದವರೂ ನಂಬುತ್ತಾರೆ.

ಮನೆಯಲ್ಲಿದ್ದದ್ದು ನಾಲ್ಕೇ ಜೀವ: ಆಯಮ್ಮ, ಲಿಫ್ಟ್ ರಿಪೇರಿ ಕೆಲಸದ ಮಗ, ಪರದೆ ಬಟ್ಟೆಯ ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುವ ಸೊಸೆ, ಇನ್ನೂ ಮಾತು ತೊದಲುವ ಮೊಮ್ಮಗಳು ಪುಟ್ಟಿ. ಅತ್ತೆ ಸೊಸೆ ಅಂದರೆ ಎಣ್ಣೆ ಸೀಗೇಕಾಯಿ ಅನ್ನುವ ಮಾತು ಈ ಮನೆಯ ಹೊಸ್ತಿಲು ದಾಟಿರಲಿಲ್ಲ. ಸೊಸೆ ತಾಯಿಯಿಲ್ಲದೆ ಬೆಳೆದವಳು. ತಮ್ಮ ಇನ್ನೂ ಎಳೆಗೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಚಿಕ್ಕಮ್ಮನ ಮನೆಯಲ್ಲಿ ಇವಳು ಬೇಡದ ಬಾಯಿಯಾಗಿ ಬೆಳೆದಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ತಲೆನೋವು ಎಂದು ಮೂಲೆಯಲ್ಲಿ ಮುದುಡಿದ್ದವಳ ಹಣೆಗೆ ಆಯಮ್ಮ ಕೈಯಿಟ್ಟು ನೋಡಿದಾಗ ಸುಮ್ಮನೆ ಅತ್ತುಬಿಟ್ಟಿದ್ದಳು. ಅಂದಿನಿಂದ ಮೈಯಲ್ಲಿ ಏನೇ ಆದರೂ ಗಂಡನಿಗಿಂತ ಮೊದಲು ಅತ್ತೆಗೆ ಹೇಳುವುದು ರೂಢಿಯಾಯಿತು.

ಪುಟ್ಟಿ ಹುಟ್ಟಿದ್ದು ಕಷ್ಟದ ಹೆರಿಗೆಯಲ್ಲಿ. ಅವಳಿಗೆ ಹಾಲು ಬಿಡಿಸಿ ಸೊಸೆ ಮತ್ತೆ ಅಂಗಡಿಗೆ ಹೋಗತೊಡಗಿದ ಮೇಲೆ ಆಯಮ್ಮನೇ ಮಾತು ತೆಗೆದಳು.

"ನೋಡೇ, ಇನ್ನೊಂದು ಬೇಕು ಅಂದ್ರೆ ಬೇಕು, ಬೇಡ ಅಂದ್ರೆ ಬೇಡ. ಅದು ನಿಮ್ಮಿಬ್ಬರಿಗೆ ಬಿಟ್ಟಿದ್ದು. ಆದ್ರೆ ಗೊತ್ತಿಲ್ದೆ ಆಗೋಯ್ತು ಅಂತ ಮಾತ್ರ ಆಗ್ಬಾರ್ದು."

"ಈಗಲೇ ಬೇಡ ಅತ್ತೆ. ಇವಳು ಸ್ಕೂಲಿಗೆ ಹೋಗೋ ಹಾಗಾಗ್ಲಿ."

"ಹಾಗಾದ್ರೆ ಮಾತ್ರೆ ತಗೋ. ನಾನು ನೋಡದೇ ಇರೋ ಮಾತ್ರೆಯೇನಲ್ಲ."

ವಾರ್ಡಿಗೆ ವರ್ಷ ವರ್ಷ ಬರುತ್ತಿದ್ದ ಮುಖಗಳನ್ನು ಆಯಮ್ಮ ಮರೆತಿರಲಿಲ್ಲ. ಹೋದ ಬಾಣಂತನದ ಸುಸ್ತು ಆರುವ ಮುನ್ನವೇ ಮತ್ತೆ ಹೊಟ್ಟೆ ಹೊತ್ತು, ಮಂಚದ ಕಂಬಿ ಹಿಡಿದುಕೊಂಡು ನಿಲ್ಲುತ್ತಿದ್ದ ಹೆಂಗಸರು. ಅವರ ರಕ್ತದ ಬಟ್ಟೆ ಒಗೆದ ಕೈ ಇದು. ತನ್ನ ಮನೆಯ ಹುಡುಗಿಗೆ ಆ ಗತಿ ಬೇಡ ಎಂಬುದು ಆಕೆಯ ಹಟ. ಒಮ್ಮೆ ಡಾಕ್ಟರ ಹತ್ತಿರ ಹೋಗಿ ಕೇಳಿ ಬರಲಾ ಎಂದು ಸೊಸೆ ಅಂದಳು. "ಹೋದ್ರೂ ಇದನ್ನೇ ಬರೀತಾರೆ. ಅರ್ಧ ದಿನದ ಸಂಬಳ ಹೋಗುತ್ತೆ, ಅಷ್ಟೇ" ಎಂದು ಆಯಮ್ಮ ತಾನೇ ಔಷಧಿ ಅಂಗಡಿಗೆ ನಡೆದಳು. ಅಂಗಡಿಯವನು ಏನೂ ಕೇಳಲಿಲ್ಲ. ಬೆಳ್ಳಿ ಬಣ್ಣದ ಹಾಳೆಯನ್ನು ಕಾಗದದ ಚೀಲಕ್ಕೆ ಹಾಕಿ ಕೊಟ್ಟ.

ಮೊದಲ ವಾರದಲ್ಲೇ ಕಾಟ ಶುರುವಾಯಿತು. ಹೊಸ ಬಟ್ಟೆಯ ಗಂಜಿ ವಾಸನೆಗೆ ಸೊಸೆಗೆ ಹೊಟ್ಟೆ ತೊಳಸುತ್ತಿತ್ತು. ಗಿರಾಕಿಯ ಮುಂದೆ ಬಟ್ಟೆಯ ಥಾನು ಬಿಚ್ಚಿ ಹರಡುವಾಗಲೇ ಬಾಯಿಗೆ ಕರವಸ್ತ್ರ ಒತ್ತಿಕೊಳ್ಳಬೇಕಾಯಿತು. ಎದೆ ಭಾರ, ಮುಟ್ಟಿದರೆ ನೋವು. ತಿಂಗಳ ನಡುವೆ ಒಂದೆರಡು ಹನಿ ರಕ್ತ ಕಂಡು ಹೆದರಿ ಬಿಳಿಚಿಕೊಂಡು ಬಂದಳು.

"ಅತ್ತೆ, ಇದೇನೋ ಆಗ್ತಿದೆ. ಬಿಟ್ಟುಬಿಡ್ಲಾ?"

"ಬಿಡಬೇಡ. ಇದೆಲ್ಲ ಮಾತ್ರೇದೇ. ಹೊಸ ಚಪ್ಪಲಿ ಕಚ್ಚೋ ಹಾಗೆ. ಎರಡು ಮೂರು ತಿಂಗಳು ತಡ್ಕೋ, ಮೈ ಒಗ್ಗಿಕೊಳ್ಳುತ್ತೆ. ಊಟ ಆದ ಮೇಲೆ ತಗೋ, ಹೊಟ್ಟೆ ತೊಳಸೋದು ಕಮ್ಮಿ ಆಗುತ್ತೆ."

ಹಾಗೆಯೇ ಆಯಿತು. ತೊಳಸುವುದು ನಿಂತಿತು, ಎದೆಯ ಭಾರ ಇಳಿಯಿತು. ಅದೇ ಹೊತ್ತಿಗೆ ಒಂದು ದಿನ ವಾಂತಿಯ ಜೊತೆ ಜ್ವರ ಬಂತು. ಸೊಸೆ ಮತ್ತೆ ಮಾತ್ರೆಯನ್ನು ದೂರಿದಳು. ಆಯಮ್ಮ ಅವಳ ಕಂಕುಳಿಗೆ ಕೈಯಿಟ್ಟು ನೋಡಿ ತಲೆಯಾಡಿಸಿದಳು. "ಮಾತ್ರೆಗೆ ಮೈ ಬಿಸಿ ಆಗಲ್ಲ ಕಣೇ. ಇದು ಹೊಟ್ಟೆ ಕೆಟ್ಟಿರೋದು. ಬೀದೀಲಿ ಮನೆಗೊಬ್ರು ಮಲಗಿದ್ದಾರೆ ನೋಡು." ಅದೂ ನಿಜವಾಗಿತ್ತು. ವಾರದೊಳಗೆ ಬೀದಿಯೂ ಎದ್ದು ಕುಳಿತಿತು, ಸೊಸೆಯೂ ಎದ್ದು ಕುಳಿತಳು.

ಟೈಲರಮ್ಮನಿಗೆ ಮಾತ್ರ ಎಲ್ಲಕ್ಕೂ ಮಾತ್ರೆಯೇ ಕಾರಣ. ಅವಳು ಹಿಂದೆ ಒಂದು ವರ್ಷ ನುಂಗಿ ಬಿಟ್ಟವಳು. ಹಲ್ಲುನೋವು, ಮರೆವು, ಹೊಲಿಗೆ ಯಂತ್ರದ ದಾರ ಪದೇ ಪದೇ ತುಂಡಾಗುವುದು, ಎಲ್ಲ ಅದರಿಂದಲೇ ಎನ್ನುತ್ತಿದ್ದಳು.

"ನಿನ್ನ ಗಂಡನ ತಲೆ ಬೋಳಾಗಿದ್ದೂ ನೀನು ನುಂಗಿದ್ದಕ್ಕಾ?" ಎಂದು ಆಯಮ್ಮ ಕೇಳಿದಾಗ ಸೊಸೆ ಬಿದ್ದು ಬಿದ್ದು ನಕ್ಕಿದ್ದಳು. ಟೀ ಮೂಗಿಗೇರಿ ಕೆಮ್ಮಿದ್ದಳು. ಮಾತ್ರೆಯದು ಯಾವುದು, ಮಾಮೂಲಿ ಕಾಯಿಲೆ ಯಾವುದು ಎಂದು ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಬಲ್ಲೆ ಎಂಬ ಹೆಮ್ಮೆ ಆಯಮ್ಮನ ಮುಖದಲ್ಲಿ ಆಗ ಎದ್ದು ಕಾಣುತ್ತಿತ್ತು.

ಮಾತ್ರೆ ಶುರುವಾಗಿ ಅರ್ಧ ವರ್ಷವಾಗಿರಬೇಕು. ಸೊಸೆಯ ತಮ್ಮನಿಗೆ ಗಂಡು ಮಗು ಹುಟ್ಟಿದ ಸುದ್ದಿ ಬಂತು. ಅವನಿದ್ದದ್ದು ದೂರದ ಊರಿನಲ್ಲಿ. ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಗೆ ತಲುಪುವ ದಾರಿ. ಸೊಸೆ ಒಬ್ಬಳೇ ಹೋಗಿ, ಮಗುವನ್ನು ನೋಡಿ, ಒಂದು ದಿನ ಇದ್ದು, ಮತ್ತೆ ಇಡೀ ದಿನ ಬಸ್ಸಿನಲ್ಲಿ ಕಾಲು ಮಡಚಿ ಕುಳಿತು ವಾಪಸು ಬಂದಳು. ಮರುದಿನದಿಂದಲೇ ಅಂಗಡಿ. ಅಲ್ಲಿ ಕುಳಿತುಕೊಳ್ಳಲು ಸ್ಟೂಲಿಲ್ಲ. ಮಾರಾಟದ ಹುಡುಗಿಯರು ಕುಳಿತರೆ ಗಿರಾಕಿಗೆ ಅಂಗಡಿ ಸೋಮಾರಿಯಾಗಿ ಕಾಣುತ್ತದಂತೆ.

ಎರಡು ದಿನ ಕಳೆದ ಮೇಲೆ ಸೊಸೆ ಸಂಜೆ ಕುಂಟುತ್ತಾ ಬಂದಳು.

"ಎಡಗಾಲು ಅತ್ತೆ. ಮೀನಖಂಡ ಹಿಡ್ಕೊಂಡ ಹಾಗಿದೆ. ಬಸ್ಸಿಂದ ಇಳಿದಾಗಿಂದ ಸಣ್ಣಗೆ ಇತ್ತು, ಇವತ್ತು ಜಾಸ್ತಿ."

ಆಯಮ್ಮ ಅವಳನ್ನು ಮಂಚದ ಮೇಲೆ ಕೂರಿಸಿ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು. ಮೀನಖಂಡ ಬಿಗಿಯಾಗಿತ್ತು. ಬಲಗಾಲಿಗಿಂತ ಎಡಗಾಲು ಸ್ವಲ್ಪ ದಪ್ಪ ಎನ್ನಿಸಿತು. ಚರ್ಮ ಬಿಸಿಯೂ ಇತ್ತು.

"ನಿಂತೂ ನಿಂತೂ ಹಿಂಗಾಗಿದೆ. ಆ ಅಂಗಡಿಯವನ ಮನೆ ಹಾಳಾಗ."

"ಇದೂ ಮಾತ್ರೇದಾ ಅತ್ತೆ?"

ಸೊಸೆ ಕೇಳಿದ್ದು ಅರ್ಧ ತಮಾಷೆಗೆ, ಟೈಲರಮ್ಮನ ಧಾಟಿಯಲ್ಲಿ. ಆದರೂ ಕೇಳಿದಳು. ಆಯಮ್ಮ ನಕ್ಕುಬಿಟ್ಟಳು.

"ಮಾತ್ರೆ ಹೊಟ್ಟೆಗೆ ಹೋಗುತ್ತೆ ಕಣೇ, ಕಾಲಿಗೆ ಹೋಗಲ್ಲ."

ಎಣ್ಣೆ ಬಿಸಿ ಮಾಡಿ ತಂದು, ಹಿಮ್ಮಡಿಯಿಂದ ಮಂಡಿಯವರೆಗೆ ಹೆಬ್ಬೆರಳು ಒತ್ತಿ ನೀವಿದಳು. ಸೊಸೆ ನೋವಿಗೆ ದಿಂಬು ಕಚ್ಚಿದಳು. "ಗಂಟು ಕಟ್ಟಿದೆ, ಕರಗಬೇಕು, ತಡ್ಕೋ" ಎಂದು ಆಯಮ್ಮ ಇನ್ನಷ್ಟು ಒತ್ತಿದಳು. ಬಾಣಂತಿಯರ ಮೈ ತಿಕ್ಕಿ ಪಳಗಿದ ಕೈ. ಒತ್ತಿದರೆ ಒತ್ತಿದ ಹಾಗಿರುತ್ತಿತ್ತು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಮಗ ಕೆಲಸದಿಂದ ಬಂದವನು ಬಾಗಿಲಲ್ಲಿ ನಿಂತು, "ಡಾಕ್ಟರ್‌ಗೆ ತೋರಿಸಬಾರದಾ?" ಎಂದ. "ಅತ್ತೆ ನೋಡ್ತಿದ್ದಾರಲ್ಲ" ಎಂದಳು ಸೊಸೆ. ಅವನು ಬಟ್ಟೆ ಬದಲಿಸಲು ಒಳಗೆ ಹೋದ. ಆ ಮನೆಯಲ್ಲಿ ಅದು ಸಾಕಾದ ಉತ್ತರವಾಗಿತ್ತು.

ಅಷ್ಟರಲ್ಲಿ ನೆಗಡಿಯ ಕಾಲ ಬಂತು. ಪುಟ್ಟಿಯ ಮೂಗು ಸೋರುತ್ತಿತ್ತು, ಮಗ ಸೀನುತ್ತಿದ್ದ. ಹಾಗಾಗಿ ಸೊಸೆ ಕೆಮ್ಮಿದಾಗ ಯಾರೂ ತಿರುಗಿ ನೋಡಲಿಲ್ಲ. ಅಂಗಡಿಯ ಏಣಿ ಹತ್ತಿ ಮೇಲಿನ ಥಾನು ಇಳಿಸುವಾಗ ಉಸಿರು ಹಿಡಿಯುತ್ತೆ ಅಂದಳು. ಎಳೆದು ಉಸಿರು ತೆಗೆದುಕೊಂಡರೆ ಪಕ್ಕೆಯಲ್ಲಿ ಚುಚ್ಚುತ್ತೆ ಅಂದಳು.

"ಕಫ ಕಟ್ಟಿದೆ" ಎಂದು ಆಯಮ್ಮ ಬಿಸಿನೀರಿನ ಪಾತ್ರೆ ಇಟ್ಟು ತಲೆಯ ಮೇಲೆ ಟವೆಲ್ ಹೊದಿಸಿದಳು. ಸೊಸೆ ಹಬೆಯೊಳಗೆ ಕುಳಿತು ಉಸಿರಾಡಲು ನೋಡಿದಳು. ಟವೆಲ್ಲಿನೊಳಗಿಂದ ಅವಳ ಸ್ವರ ಬಂತು: "ಕಾಲುನೋವು ಈಗ ಅಷ್ಟಿಲ್ಲ ಅತ್ತೆ."

"ನೋಡಿದ್ಯಾ? ಗಂಟು ಕರಗ್ತು" ಎಂದಳು ಆಯಮ್ಮ.

ಮರುದಿನ ಮಧ್ಯಾಹ್ನ ಆಯಮ್ಮ ಪುಟ್ಟಿಗೆ ಅನ್ನ ಕಲೆಸಿ ತಿನ್ನಿಸುತ್ತಿದ್ದಾಗ ಫೋನು ಬಂತು. ಅಂಗಡಿಯ ಕ್ಯಾಷಿಯರ್. ಸೊಸೆ ಒಬ್ಬ ಗಿರಾಕಿಗೆ ಕಿಟಕಿ ಪರದೆಯ ಬಟ್ಟೆ ಅಳೆಯುತ್ತಿದ್ದಳಂತೆ. ಬಟ್ಟೆಯ ಅಂಚಿಗೆ ಕತ್ತರಿ ಹಾಕಿ, ಹರಿಯಲು ಎರಡೂ ಕೈಯಲ್ಲಿ ಹಿಡಿದವಳು ಹರಿಯಲೇ ಇಲ್ಲವಂತೆ. ಹಾಗೇ ನಿಂತು, ತುಟಿ ನೀಲಿಯಾಗಿ, ಮೇಜಿನ ಮೇಲೆ ಮುಂದಕ್ಕೆ ಬಾಗಿ, ಬಟ್ಟೆಯ ಸಮೇತ ಕೆಳಗೆ ಜಾರಿದಳಂತೆ. ಅವನು ಹೇಳುತ್ತಲೇ ಇದ್ದ. ಆಯಮ್ಮನಿಗೆ ಕೇಳಿದ್ದು ಆಸ್ಪತ್ರೆಯ ಹೆಸರು ಮಾತ್ರ. ಎಂಜಲು ಕೈಯಲ್ಲೇ ಮಗುವನ್ನೆತ್ತಿ ಟೈಲರಮ್ಮನ ಮಡಿಲಿಗೆ ಹಾಕಿ ಓಡಿದಳು.

ಅದು ಆಕೆ ಕೆಲಸ ಮಾಡಿದ ಆಸ್ಪತ್ರೆಯಲ್ಲ, ದೊಡ್ಡದು. ತುರ್ತು ವಿಭಾಗದ ಬಾಗಿಲಲ್ಲಿ ಮಗ ಗ್ರೀಸು ಹತ್ತಿದ ಕೆಲಸದ ಬಟ್ಟೆಯಲ್ಲೇ ನಿಂತಿದ್ದ. ಒಳಗೆ ಪರದೆಯ ಹಿಂದೆ ಸೊಸೆಯ ಪಾದಗಳು ಮಾತ್ರ ಕಾಣುತ್ತಿದ್ದವು. ವಯಸ್ಸಿನಲ್ಲಿ ಚಿಕ್ಕವಳಾದ ಒಬ್ಬ ಡಾಕ್ಟರು ಹೊರಗೆ ಬಂದಳು.

"ಅವರು ಯಾವುದಾದ್ರೂ ಔಷಧಿ ತಗೊಳ್ತಾ ಇದ್ರಾ?"

"ಇಲ್ಲ, ಏನೂ ಇಲ್ಲ" ಎಂದ ಮಗ.

ಆಯಮ್ಮನೂ ಇಲ್ಲವೆಂದು ತಲೆಯಾಡಿಸಿದಳು. ಸುಳ್ಳು ಹೇಳಬೇಕೆಂದು ಆಡಿಸಿದ್ದಲ್ಲ. ಔಷಧಿಯೆಂದರೆ ಕಾಯಿಲೆಗೆ ಕೊಡುವುದು. ಇದು ಕಾಯಿಲೆಗೆ ಕೊಟ್ಟದ್ದಲ್ಲವಲ್ಲ. ಡಾಕ್ಟರು ಹಿಂದಿರುಗಲು ಎರಡು ಹೆಜ್ಜೆ ಇಟ್ಟು ಮತ್ತೆ ತಿರುಗಿದಳು.

"ಗರ್ಭ ತಡೆಯೋ ಮಾತ್ರೆ?"

ಆಯಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ಅದು... ಅದು ತಗೊಳ್ತಾಳೆ."

"ಯಾರು ಬರೆದುಕೊಟ್ಟಿದ್ದು?"

"ನಾನೇ ತಂದುಕೊಟ್ಟೆ."

"ಇತ್ತೀಚೆಗೆ ಕಾಲುನೋವು ಅಂತಿದ್ರಾ? ಒಂದೇ ಕಾಲು? ಊತ? ಬಿಸಿ?"

ಒಂದೊಂದಕ್ಕೂ ಆಯಮ್ಮ ಹೂಂಗುಟ್ಟಿದಳು. ಒಂದೊಂದು ಹೂಂ ಹೊರಬಿದ್ದಾಗಲೂ ಪಕ್ಕದಲ್ಲಿ ನಿಂತ ಮಗನ ಉಸಿರು ಬಿಗಿಯಾಗುವುದು ಆಕೆಗೆ ಕೇಳಿಸುತ್ತಿತ್ತು.

"ಮನೆಯವರಲ್ಲಿ ಯಾರಿಗಾದ್ರೂ ರಕ್ತ ಹೆಪ್ಪುಗಟ್ಟಿದ್ದು, ಚಿಕ್ಕ ವಯಸ್ಸಲ್ಲೇ ಇದ್ದಕ್ಕಿದ್ದಂತೆ ಹೋಗಿದ್ದು ಇದೆಯಾ?"

ಮಗ ಮೆಲ್ಲಗೆ ಹೇಳಿದ. "ಅವಳ ತಾಯಿ. ಎರಡನೇ ಹೆರಿಗೆ ಆಗಿ ಮನೆಗೆ ಬಂದ ಮೇಲೆ. ಬಟ್ಟೆ ಒಣಗಿಸ್ತಾ ಇದ್ದಾಗ ಉಸಿರು ಕಟ್ಟಿ ಬಿದ್ದರು ಅಂತಾರೆ."

ಈ ಮಾತು ಆಯಮ್ಮನಿಗೆ ಹೊಸದಲ್ಲ. ಸೊಸೆಯೇ ಹೇಳಿದ್ದಳು, ಒಮ್ಮೆ ಅವಳ ತಲೆ ಬಾಚುತ್ತಿದ್ದಾಗ. ಪಾಪ ಎಂದು ಆಯಮ್ಮ ಕಣ್ಣೊರೆಸಿಕೊಂಡಿದ್ದಳು. ಆ ಸಾವಿಗೂ ಈ ಮಾತ್ರೆಗೂ ನಡುವೆ ಒಂದು ದಾರವಿದ್ದೀತು ಎಂದು ಅನ್ನಿಸಿರಲಿಲ್ಲ.

ಡಾಕ್ಟರು ಗದರಲಿಲ್ಲ. ಗದರಿದ್ದರೇ ಚೆನ್ನಾಗಿತ್ತೇನೋ. "ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಅದರಲ್ಲಿ ಚೂರು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿದೆ" ಎಂದಳು. "ಈ ಮಾತ್ರೆ ತಗೊಳ್ಳೋ ಹೆಚ್ಚಿನ ಹೆಂಗಸರಿಗೆ ಇಂಥದ್ದೇನೂ ಆಗಲ್ಲ. ಹೊಟ್ಟೆ ತೊಳಸೋದು, ಸ್ತನ ಭಾರವಾಗಿ ನೋಯೋದು, ನಡುನಡುವೆ ಹನಿ ರಕ್ತ, ಅವೆಲ್ಲ ಸಾಧಾರಣ, ತಾನಾಗಿ ಹೋಗುತ್ತೆ. ಆದ್ರೆ ಕೆಲವರ ಮೈಗೆ ಈ ಮಾತ್ರೆ ಒಗ್ಗೋದೇ ಇಲ್ಲ, ಕೊಡಲೇಬಾರದು. ಅದಕ್ಕೇ ಮೊದಲು ಇದೆಲ್ಲ ಕೇಳೋದು. ಒಂದೇ ಕಾಲು ಊದಿ ನೋವು ಬಂದ್ರೆ, ಉಸಿರು ಸಿಗದಿದ್ರೆ, ಮೊದಲೆಂದೂ ಬರದಂಥ ತಲೆನೋವು ಬಂದ್ರೆ, ಒಂದು ಗಂಟೇನೂ ಕಾಯಬಾರ್ದು." ಸ್ವಲ್ಪ ತಡೆದು ಕೇಳಿದಳು: "ಕಾಲು ಏನಾದ್ರೂ ಉಜ್ಜಿದ್ರಾ?"

ಆಯಮ್ಮ ತನ್ನ ಹೆಬ್ಬೆರಳುಗಳನ್ನು ನೋಡಿಕೊಂಡಳು. ಉತ್ತರ ಹೇಳಿದ್ದು ಮಗ.

"ಅಮ್ಮ ದಿನಾ ಎಣ್ಣೆ ಹಾಕಿ ನೀವ್ತಾ ಇದ್ರು."

"ಹಾಗೆ ಒತ್ತಿದ್ರೆ ಹೆಪ್ಪು ಕಿತ್ತುಕೊಳ್ಳಬಹುದು" ಎಂದಷ್ಟೇ ಹೇಳಿ ಡಾಕ್ಟರು ಒಳಗೆ ಹೋದಳು.

ಆಮೇಲಿನ ದಿನಗಳು ಒಂದರೊಳಗೊಂದು ಕಲೆಸಿಹೋದವು. ಸೊಸೆಯನ್ನು ಗಾಜಿನ ಬಾಗಿಲಿನ ಕೋಣೆಗೆ ಸಾಗಿಸಿದ್ದರು. ಮೂಗಿಗೆ ಕೊಳವೆ, ಕೈಗೆ ಕೊಳವೆ. ಹೊರಗೆ ಉದ್ದನೆಯ ಓಣಿಯಲ್ಲಿ ಗೋಡೆಗೆ ತಾಗಿಸಿ ಕಬ್ಬಿಣದ ಬೆಂಚುಗಳು. ಒಂದರ ಈ ತುದಿಯಲ್ಲಿ ಮಗ, ಆ ತುದಿಯಲ್ಲಿ ಆಯಮ್ಮ. ನಡುವೆ ಕೂರಲು ಜಾಗವಿದ್ದರೂ ಯಾರೂ ಬಂದು ಕೂರುತ್ತಿರಲಿಲ್ಲ.

ಒಂದು ಬೆಳಗ್ಗೆ ಪಕ್ಕದ ವಾರ್ಡಿನಲ್ಲಿ ಡಾಕ್ಟರುಗಳು ಸುತ್ತು ಬಂದರು. ಬಾಗಿಲು ತೆರೆದೇ ಇತ್ತು. ಆಪರೇಷನ್ ಆದ ಒಬ್ಬಾಕೆಯ ಹೊದಿಕೆ ಸರಿಸಿ ದೊಡ್ಡ ಡಾಕ್ಟರು ಅವಳ ಎರಡೂ ಮೀನಖಂಡಗಳನ್ನು ಒಂದಾದ ಮೇಲೆ ಒಂದು ಮೆಲ್ಲಗೆ ಒತ್ತಿ, "ಇಲ್ಲಿ ನೋವಿದೆಯಾ?" ಎಂದು ಕೇಳಿದರು. ಇಲ್ಲ ಅಂದಳು. ಮುಂದಿನ ಮಂಚಕ್ಕೆ ಹೋದರು. ಅಲ್ಲೂ ಅದೇ.

ಇದನ್ನು ಆಯಮ್ಮ ನೋಡಿದ್ದಳು. ತನ್ನ ಆಸ್ಪತ್ರೆಯಲ್ಲಿ, ಪ್ರತಿ ಬೆಳಗ್ಗೆ, ವರ್ಷಗಟ್ಟಲೆ. ಡಾಕ್ಟರು ಬರುವ ಮುಂಚೆ ಬಾಣಂತಿಯರ ಹೊದಿಕೆ ಸರಿಮಾಡಿ, ಬಂದ ಮೇಲೆ ಸರಿಸಿ, ಮೀನಖಂಡ ಒತ್ತಿ ನೋಡುವಾಗ ಬೇಸಿನ್ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದಳು. ಯಾಕೆ ಒತ್ತುತ್ತಾರೆ ಎಂದು ಯಾರನ್ನೂ ಕೇಳಿರಲಿಲ್ಲ. ಬೆಳಗ್ಗೆ ಕಿಟಕಿ ತೆರೆಯುವ ಹಾಗೆ ಅದೂ ಒಂದು ಪದ್ಧತಿ ಅಂದುಕೊಂಡಿದ್ದಳು. ಅರ್ಧ ಆಯಸ್ಸು ಆ ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಒಳಗೆ ನಡೆಯುವುದನ್ನು ನೋಡಿ, ಎಲ್ಲ ಬಲ್ಲೆ ಎಂದು ಹೊರಗೆ ಬಂದಿದ್ದಳು.

"ಏನು?" ಎಂದು ಮಗ ಕೇಳಿದ. ಆಕೆ ಏನೋ ಶಬ್ದ ಮಾಡಿರಬೇಕು.

"ಏನಿಲ್ಲ ಕಣೋ."

ಅವನು ಅಷ್ಟು ದಿನ ಹಲ್ಲುಕಚ್ಚಿ ಹಿಡಿದಿದ್ದ ಮಾತು ಹೊರಬಿತ್ತು. ಜೋರಾಗಿ ಅಲ್ಲ, ತಲೆ ಬಗ್ಗಿಸಿಕೊಂಡೇ ಹೇಳಿದ. "ನಾನು ಕೇಳ್ದೆ ಅಮ್ಮ. ಡಾಕ್ಟರ್‌ಗೆ ತೋರಿಸಬಾರದಾ ಅಂತ ಬಾಗಿಲಲ್ಲಿ ನಿಂತು ಕೇಳ್ದೆ. ಅವಳು ನಿನ್ನ ಮುಖ ನೋಡಿದ್ಲು. ನೀನು ತಲೆ ಎತ್ತಲಿಲ್ಲ. ನೀವ್ತಾನೇ ಇದ್ದೆ."

"ಗೊತ್ತಿರ್ಲಿಲ್ಲ ಮಗಾ."

"ಗೊತ್ತಿಲ್ಲ ಅಂತ ಒಂದು ಸಲ ಆದ್ರೂ ಹೇಳಬಹುದಿತ್ತಲ್ಲ."

ನಿಜ, ಆ ಮಾತನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಹಿಂಬಾಗಿಲಿಗೆ ಯಾರು ಬರುತ್ತಿದ್ದರು?

ಸೊಸೆ ಬದುಕಿದಳು. ಮನೆಗೆ ಕರೆತಂದ ದಿನ ಟೈಲರಮ್ಮ ಬಂದು, ಗಲ್ಲಕ್ಕೆ ಕೈಯಿಟ್ಟುಕೊಂಡು, "ತಲೆಗೆ ಬಂದಿದ್ದು ತಲೆಪಾಗಿಗೆ ಹೋಯ್ತು ಅಂದ್ಕೊಳ್ಳಿ" ಎಂದಳು. ಪೂರ್ತಿ ಹೋಗಿರಲಿಲ್ಲ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಡೆದರೆ ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ರಕ್ತ ತೆಳುವಾಗಿಸುವ ಗುಳಿಗೆ ತಿಂಗಳುಗಟ್ಟಲೆ ನುಂಗಬೇಕಿತ್ತು. ಆಗಾಗ ರಕ್ತ ಪರೀಕ್ಷೆ. ಎಡಗಾಲು ಸಂಜೆಯಾದರೆ ಊದುತ್ತಿತ್ತು, ಅದಕ್ಕೆ ಬಿಗಿಯಾದ ಕಾಲುಚೀಲ. ಆ ಮಾತ್ರೆ ಇನ್ನು ಜನ್ಮದಲ್ಲಿ ಬೇಡ, ಬೇರೆ ದಾರಿಗಳಿವೆ, ಗುಣವಾದ ಮೇಲೆ ಗಂಡ ಹೆಂಡತಿ ಇಬ್ಬರೂ ಬನ್ನಿ ಎಂದು ಡಾಕ್ಟರು ಹೇಳಿದ್ದರು. ಪರದೆ ಅಂಗಡಿಯವನು ಅವಳ ಜಾಗಕ್ಕೆ ಬೇರೊಬ್ಬಳನ್ನು ತೆಗೆದುಕೊಂಡಿದ್ದ.

ಆಯಮ್ಮ ಕಾಲಾಳಿನಂತೆ ದುಡಿದಳು. ಅಡುಗೆ, ಬಟ್ಟೆ, ಮಗು ಎಲ್ಲ ಆಕೆಯದೇ. ಸೊಸೆ ಕೋಪ ಮಾಡಿಕೊಳ್ಳಲಿಲ್ಲ, ಮುಖ ತಿರುಗಿಸಲಿಲ್ಲ. ಕೊಟ್ಟದ್ದನ್ನು ಉಂಡಳು, ಪುಟ್ಟಿಯ ಚೇಷ್ಟೆ ಹೇಳಿದರೆ ನಕ್ಕಳು. ಆದರೆ ಮೈಯ ಮಾತು ನಿಂತುಹೋಯಿತು. ಒಂದು ಮಧ್ಯಾಹ್ನ ಒಳಕೋಣೆಯಲ್ಲಿ ಅವಳು ಕೆಮ್ಮುವುದು ಕೇಳಿ ಆಯಮ್ಮ ಈರುಳ್ಳಿ ಹೆಚ್ಚುವುದನ್ನು ಬಿಟ್ಟು ಓಡಿದಳು.

"ಏನಾಗ್ತಿದೆಯೇ?"

"ಏನಿಲ್ಲ ಅತ್ತೆ."

"ಪಕ್ಕೆಯಲ್ಲಿ ಚುಚ್ಚುತ್ತಾ?"

"ಏನಿಲ್ಲ ಅಂದ್ನಲ್ಲ."

ಸಂಜೆ ಮಗ ಬಂದ ಮೇಲೆ ಗೋಡೆಯಾಚೆ ಅವನ ಹತ್ತಿರ ಹೇಳುವುದು ಕೇಳಿಸಿತು: ಮಧ್ಯಾಹ್ನದಿಂದ ಎದೆಯಲ್ಲಿ ಸ್ವಲ್ಪ ಬಿಗಿತ, ಡಾಕ್ಟರಿಗೆ ಒಂದು ಫೋನು ಮಾಡೋಣ ಅಂತ. ಅವನು ಮಾಡಿದ. ಹೆದರುವಂಥದ್ದೇನಲ್ಲ, ಆದರೂ ಬಂದು ತೋರಿಸಿ ಅಂದರಂತೆ. ಇಬ್ಬರೂ ಚಪ್ಪಲಿ ಮೆಟ್ಟಿ ಹೊರಟರು. ಆಯಮ್ಮ ಪುಟ್ಟಿಯನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಮರುದಿನ ಸೊಸೆಗೆ ಟೀ ಕೊಟ್ಟು, ಲೋಟ ಖಾಲಿಯಾಗುವವರೆಗೂ ಅಲ್ಲೇ ನಿಂತಳು.

"ನನ್ನ ಮೇಲೆ ಸಿಟ್ಟಿದ್ರೆ ಬೈದುಬಿಡೇ. ಹೀಗೆ ಒಳಗೊಳಗೇ ಇಟ್ಕೋಬೇಡ."

ಸೊಸೆ ಖಾಲಿ ಲೋಟವನ್ನು ಕೆಳಗಿಟ್ಟಳು.

"ಸಿಟ್ಟಿಲ್ಲ ಅತ್ತೆ, ನಿಜವಾಗ್ಲೂ. ನೀವು ನನಗೆ ಕೆಟ್ಟದ್ದು ಬಯಸಿಲ್ಲ ಅಂತ ಗೊತ್ತು." ಉಸಿರು ಕೂಡಿಸಿಕೊಂಡು ಮುಂದುವರಿಸಿದಳು. "ನನಗೆ ಭಯ. ನಿಮ್ಮ ಹತ್ರ ಹೇಳಿದ್ರೆ ನೀವು ಏನೋ ಒಂದು ಹೇಳ್ತೀರಿ, ನಾನು ನಂಬಿಬಿಡ್ತೀನಿ. ಈಗಲೂ ನಂಬಿಬಿಡ್ತೀನಿ. ಅದಕ್ಕೇ ಹೇಳಲ್ಲ."

ಆಯಮ್ಮ ಲೋಟ ತೆಗೆದುಕೊಂಡು ಹಿತ್ತಲಿಗೆ ಹೋದಳು. ನಲ್ಲಿ ಬಿಟ್ಟು, ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಬೈದಿದ್ದರೆ ಹೊತ್ತುಕೊಳ್ಳಬಹುದಿತ್ತು. ನಂಬಿಕೆ ಉಳಿದಿದೆ, ಅದರಿಂದಲೇ ಹೆದರಿಕೆ ಎಂಬ ಮಾತನ್ನು ಎಲ್ಲಿ ಇಟ್ಟುಕೊಳ್ಳುವುದು?

ಹಿಂಬಾಗಿಲಿಗೆ ಬರುವವರು ಒಂದೇ ಸಲಕ್ಕೆ ನಿಲ್ಲಲಿಲ್ಲ. ಪಕ್ಕದ ಬೀದಿಯ ಹೊಸ ಮದುವಣಗಿತ್ತಿಯೊಬ್ಬಳು ಮಾತ್ರೆಯ ಹಾಳೆಯನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು ಬಂದಳು. ಇದನ್ನು ತಗೊಂಡಾಗಿಂದ ತಲೆ ನೋಯುತ್ತೆ, ಇದರದ್ದೋ ಬಿಸಿಲಿನದ್ದೋ ನೀವೇ ಹೇಳಿ ಅಂದಳು.

"ನನಗೆ ಗೊತ್ತಿಲ್ಲಮ್ಮ. ಆಸ್ಪತ್ರೆಗೆ ಹೋಗು."

"ಅಲ್ಲಿ ಯಾರು ಇಡೀ ದಿನ ಕಾಯ್ತಾರೆ? ನಿಮಗೆ ಎಲ್ಲಾ ಗೊತ್ತು ಅಂತಾರೆ."

"ಯಾರು ಅಂತಾರೋ ಅವರಿಗೆ ಗೊತ್ತಿಲ್ಲ. ಇವತ್ತೇ ಹೋಗು. ಒಬ್ಬಳೇ ಹೋಗೋಕೆ ಆಗದಿದ್ರೆ ಹೇಳು, ಜೊತೆಗೆ ಬರ್ತೀನಿ. ಆದ್ರೆ ನನ್ನ ಬಾಯಿಂದ ಏನೂ ಕೇಳ್ಬೇಡ."

ಹುಡುಗಿ ಮುಖ ಚಿಕ್ಕದು ಮಾಡಿಕೊಂಡು ಹೋದಳು. ಅರ್ಧ ಡಾಕ್ಟರಮ್ಮನಿಗೆ ಈಗ ದೊಡ್ಡಸ್ತಿಕೆ ಬಂದಿದೆಯಂತೆ ಎಂದು ಬೀದಿಯಲ್ಲಿ ಒಂದು ಮಾತು; ಸೊಸೆಯನ್ನೇ ಯಮನ ಮನೆಗೆ ಕಳಿಸ್ತಿದ್ದಳಂತೆ ಎಂದು ಇನ್ನೊಂದು. ಎರಡೂ ಆಯಮ್ಮನ ಕಿವಿಗೆ ಬಿದ್ದವು. ಆ ಹುಡುಗಿ ಆಸ್ಪತ್ರೆಗೆ ಹೋದಳೋ ಇಲ್ಲವೋ ತಿಳಿಯಲಿಲ್ಲ. ಕೆಲವು ದಿನ ಅವಳ ಮನೆಯ ಮುಂದೆ ಹಾದುಹೋಗುವ ನೆಪ ಹುಡುಕಿ, ಅವಳು ಅಂಗಳ ಗುಡಿಸುತ್ತಿರುವುದನ್ನು ದೂರದಿಂದ ಕಂಡು ಆಯಮ್ಮ ವಾಪಸು ಬಂದಳು.

ಮುಂದಿನ ಪರೀಕ್ಷೆಯ ದಿನ ಮಗನಿಗೆ ಎಲ್ಲೋ ಲಿಫ್ಟ್ ಕೆಟ್ಟು ಜನ ಸಿಕ್ಕಿಕೊಂಡಿದ್ದರೆಂದು ತುರ್ತು ಕರೆ ಬಂತು. ಸೊಸೆ ಒಂದು ಕ್ಷಣ ಯೋಚಿಸಿ, "ನೀವು ಬರ್ತೀರಾ ಅತ್ತೆ? ಪುಟ್ಟಿನ ಎತ್ಕೊಳ್ಳೋಕೆ ಯಾರಾದ್ರೂ ಬೇಕು" ಎಂದಳು. ಆಯಮ್ಮ ಸೀರೆ ಬದಲಿಸಲೂ ನಿಲ್ಲದೆ ಹೊರಟಳು.

ಡಾಕ್ಟರ ಕೋಣೆಯ ಬಾಗಿಲಲ್ಲಿ ಸೊಸೆ ತಿರುಗಿ, "ನೀವು ಇಲ್ಲೇ ಕೂತಿರಿ" ಎಂದು ಮೆತ್ತಗೆ ಹೇಳಿ ಒಳಗೆ ಹೋದಳು. ಬಾಗಿಲು ಮುಚ್ಚಿತು. ಆಯಮ್ಮ ಪುಟ್ಟಿಯನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತಳು. ಒಳಗಿನಿಂದ ಸೊಸೆಯ ಸ್ವರ ಬರುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಹಿಂದೆ ಹಿತ್ತಲಲ್ಲಿ ಕುಳಿತು ತನ್ನ ಹತ್ತಿರ ಹೇಳಿಕೊಳ್ಳುತ್ತಿದ್ದ ಹಾಗೆಯೇ ಬಿಡದೆ, ಒಂದಾದ ಮೇಲೊಂದು, ಹೇಳುತ್ತಲೇ ಇದ್ದಳು.

ಹೊರಗೆ ಬಂದಾಗ ಆಯಮ್ಮ ಎದ್ದು ನಿಂತಳು. "ಏನಂದ್ರು?"

"ಸರಿಯಿದೆ ಅಂದ್ರು."

ಬಸ್ ನಿಲ್ದಾಣದವರೆಗೆ ಸ್ವಲ್ಪ ಏರು ದಾರಿ. ಸೊಸೆ ಮುಂದೆ, ಮಗುವನ್ನು ಎತ್ತಿಕೊಂಡ ಆಯಮ್ಮ ಹಿಂದೆ. ಅರ್ಧ ದಾರಿಯಲ್ಲಿ ಮುಚ್ಚಿದ ಅಂಗಡಿಯೊಂದರ ಕಟ್ಟೆ ಸಿಕ್ಕಿತು. ಸೊಸೆ ಅದರ ಮೇಲೆ ಕುಳಿತು, ಎದೆಯ ಮೇಲೆ ಅಂಗೈಯಿಟ್ಟು ಉಸಿರು ಎಳೆದುಕೊಂಡಳು. ಆಯಮ್ಮನ ನಾಲಿಗೆಯ ತುದಿಗೆ ಮಾತು ಬಂತು: ಏರಿನ ಆಯಾಸ ಕಣೇ, ಏನಾಗಲ್ಲ. ಆಕೆ ಅದನ್ನು ನುಂಗಿಕೊಂಡಳು. ಪುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, ಸೊಸೆಯ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಅಡ್ಡವಾಗಿ ನಿಂತಳು. ಸೊಸೆ ಕಣ್ಣು ಮುಚ್ಚಿಕೊಂಡಿದ್ದಳು. ಬಸ್ಸೊಂದು ಹಾದುಹೋಯಿತು. ಇಬ್ಬರೂ ಅದನ್ನು ಹೋಗಲು ಬಿಟ್ಟರು.